ಪೆಡಲಿನಿಂದ ಎತ್ತಿದ ಕಾಲು

ಬ್ರೇಕ್ ಎಣ್ಣೆಗೆ ಒಂದು ವಾಸನೆಯಿದೆ. ಮೀನೆಣ್ಣೆಗೂ ಸ್ಪಿರಿಟಿಗೂ ನಡುವಿನದು ಎನ್ನಬಹುದೇನೋ. ನಾನು ನರ್ಸಾಗಿದ್ದವಳು, ಹೋಲಿಕೆಗೆ ಸಿಗುವುದೆಲ್ಲ ಆಸ್ಪತ್ರೆಯ ಬಾಟಲಿಗಳೇ. ಮೊನ್ನೆ ಮಗನ ವ್ಯಾನಿನಲ್ಲಿ ಪಾವಗಡಕ್ಕೆ ಹೊರಟಾಗ ಮಧುಗಿರಿಯಲ್ಲೇ ಬ್ರೇಕ್ ಮೆತ್ತಗಾಯಿತು. ಮೆಕ್ಯಾನಿಕ್ ಶೆಡ್ಡಿನ ಮುಂದೆ ಇಳಿದು ಕೂತೆ. ಅವನು ಚಕ್ರದ ಹಿಂದಿನ ನಿಪ್ಪಲ್, ಅಂದರೆ ಎಣ್ಣೆ ಹೊರಬಿಡುವ ಸಣ್ಣ ತಿರುಪು, ಸಡಿಲಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಸಿಟ್ಟು ನೆತ್ತಿಗೇರಿತು. ಪಾಪ, ತಾನೇನು ತಪ್ಪು ಮಾಡಿದೆನೆಂದು ಅವನು ನನ್ನ ಮುಖ ನೋಡಿದ.

ಸಿಟ್ಟು ಅವನ ಮೇಲಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಈ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಮ್ಮ ಮೇಲಿದ್ದ ಸಾಹೇಬರ ಮೇಲೆ. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಇಷ್ಟು ವರ್ಷ ಜೋಪಾನ ಮಾಡಿದ ಸಿಟ್ಟು ಖರ್ಚಾಗಿಬಿಡುತ್ತದೆ ಎಂಬ ಜಿಪುಣತನ ನನ್ನದು.

ಆಸ್ಪತ್ರೆಗೊಂದು ಹಳೇ ಜೀಪಿತ್ತು. ಅದರ ಡ್ರೈವರ್ ಐ.ಡಿ.ಹಳ್ಳಿಯವನು. ನಮಗೆಲ್ಲ ಗಂಗಣ್ಣ, ತನಗಿಂತ ಹತ್ತು ವರ್ಷ ಚಿಕ್ಕವರಾದ ಸಾಹೇಬರಿಗೆ ಮಾತ್ರ ‘ಲೇ ಗಂಗ’. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದರೆ ಎಷ್ಟು ತುಳಿದರೂ ಗಾಡಿ ನಿಲ್ಲದು. ಆ ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಮೇಲೆ ಕೂತು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ನಿಪ್ಪಲ್ ತೆರೆದು, ಗುಳ್ಳೆ ಗುಳ್ಳೆಯಾಗಿ ಎಣ್ಣೆ ಬಂದ ಮೇಲೆ ಮುಚ್ಚಬೇಕು. ಪೆಡಲಿನ ಕೆಲಸಕ್ಕೆ ಗಂಗಣ್ಣ ನನ್ನನ್ನೇ ಕರೆಯುತ್ತಿದ್ದ. ಬಿಳಿ ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ ಆ ಸೀಟಿನಲ್ಲಿ ಕೂತರೆ ಅರ್ಧ ಜೀಪು ನಾನೇ ಓಡಿಸುತ್ತಿದ್ದೇನೆಂಬ ಜಂಬ ನನಗೆ. ಸೈಕಲ್ ಕೂಡ ಬಾರದವಳು ನಾನು.

“ನರ್ಸಮ್ಮ, ನಾನು ಬುಡಿ ಅನ್ನೋಗಂಟ ಕಾಲು ಎತ್ತಬ್ಯಾಡಿ. ದೇವ್ರೇ ಬಂದು ಕರುದ್ರೂ ಎತ್ತಬ್ಯಾಡಿ. ಎತ್ತಿದ್ರೆ ಗಾಳಿ ವಾಪಸ್ ಒಳೀಕೆ ಎಳ್ಕಂಬುಡ್ತದೆ,” ಎಂದು ಪ್ರತಿ ಸಲವೂ ಹೇಳುತ್ತಿದ್ದ.

ದೇವರು ಬರಲಿಲ್ಲ. ಸಾಹೇಬರು ಬಂದರು. ಅವತ್ತು ದೊಡ್ಡೇರಿ ಕಡೆ ಆರೋಗ್ಯ ಕ್ಯಾಂಪಿಗೆ ಹೋಗಬೇಕಿತ್ತು; ಗಂಗಣ್ಣ ಜೀಪಿನ ಕೆಳಗೆ, ನಾನು ಪೆಡಲ್ ತುಳಿದು ಸೀಟಿನಲ್ಲಿ. ವರಾಂಡದಲ್ಲಿ ನಿಂತು, “ನರ್ಸ್, ನನ್ನ ಫ್ಲಾಸ್ಕ್ ಎಲ್ಲಿ?” ಎಂದರು.

ನಾನು ಎದ್ದು ನಿಂತೆ.

ಓದುವ ನೀವು ನಗಬಹುದು. ಆದರೆ ಸಾಹೇಬರ ದನಿ ಕೇಳಿದರೆ ಎದ್ದು ನಿಲ್ಲುವುದು ಆಗ ನಮ್ಮ ಕಾಲುಗಳಿಗೇ ಅಂಟಿದ ಅಭ್ಯಾಸ. ತಲೆಯನ್ನು ಕೇಳಿ ಅವು ಏಳುತ್ತಿರಲಿಲ್ಲ. ಜೀಪಿನ ಕೆಳಗಿನಿಂದ ಗಂಗಣ್ಣ, “ಅಯ್ಯೋ, ಎತ್ಬುಟ್ರಾ?” ಎಂದ. ಈಚೆ ಬಂದು ಕೈ ಒರೆಸಿಕೊಳ್ಳುತ್ತಾ, “ಸಾರ್, ಗಾಳಿ ಹೊಕ್ಕಂಬುಡ್ತು. ಮೊದ್ಲಿಂದ ಮಾಡ್ಬೇಕು. ಅರ್ಧ ಗಂಟೆ ಕೊಡಿ,” ಎಂದ.

“ಅರ್ಧ ಗಂಟೆ ನಿಂಗೆ ಬೀಡಿ ಸೇದೋಕಾ? ಹತ್ತಲೇ, ಹೊತ್ತಾಯ್ತು.”

ನಾನೆದ್ದದ್ದರಿಂದ ಹೀಗಾಯಿತೆಂದು ಗಂಗಣ್ಣ ಹೇಳಲಿಲ್ಲ. ನಾನೂ ಹೇಳಲಿಲ್ಲ. ಫ್ಲಾಸ್ಕ್ ತಂದುಕೊಟ್ಟು ಹಿಂದಿನ ಸೀಟು ಹತ್ತಿದೆ.

ಇಳಿಜಾರಿನಲ್ಲಿ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು, ಹಿಂದೆ ಕಂಬಳಿ ಹೊದ್ದ ಮುದುಕ. ಪೆಡಲ್ ತಳ ಮುಟ್ಟಿತು, ಜೀಪು ನಿಲ್ಲಲಿಲ್ಲ. ಗಂಗಣ್ಣ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮುದುಕನನ್ನು ತಪ್ಪಿಸಿ ಹುಣಿಸೆಮರಕ್ಕೆ ಗುದ್ದಿದ. ಮರಕ್ಕೆ ತನ್ನ ಕಡೆಯನ್ನೇ ಕೊಟ್ಟಿದ್ದ. ಸಾಹೇಬರ ಹಣೆ ತರಚಿತು, ಗಂಗಣ್ಣನ ಬಲಗೈ ಮುರಿಯಿತು. ಫ್ಲಾಸ್ಕಿಗೆ ಏನೂ ಆಗಲಿಲ್ಲ.

ವಾರ ಕಳೆದು ಸಾಹೇಬರು ಒಂದು ಕಾಗದ ಮುಂದಿಟ್ಟರು. ‘ಬ್ರೇಕ್ ಸರಿಯಿಲ್ಲವೆಂದು ಚಾಲಕ ಯಾರಿಗೂ ತಿಳಿಸಿರಲಿಲ್ಲ’ ಎಂದು ಟೈಪಾಗಿತ್ತು. ಕೆಲಸ ಖಾಯಂ ಆಗದ ಹುಡುಗಿ ನಾನು. ಸಹಿ ಹಾಕಿದೆ. ಗಂಗಣ್ಣನ ಕೆಲಸ ಹೋಯಿತು. ಸಾಹೇಬರ ಮೇಲೆ ಸಿಟ್ಟು ಎಂದೆನಲ್ಲ, ಅದರಲ್ಲಿ ದೊಡ್ಡ ಪಾಲು ನನ್ನ ಮೇಲಿನದೇ.

ಎರಡು ವರ್ಷದ ಮೇಲೆ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಗಂಗಣ್ಣ ಸಿಕ್ಕ. ಸೊಟ್ಟ ಕೈಯಲ್ಲಿ ಸೋರೆಕಾಯಿ ಮಾರುತ್ತಿದ್ದ. “ನರ್ಸಮ್ಮ, ಚೆಂದಾಗಿದೀರಾ? ಅವತ್ತು ನಿಮ್ಗೇನೂ ಪೆಟ್ಟಾಗ್ಲಿಲ್ವಲ್ಲ, ಅಷ್ಟು ಸಾಕು ಬುಡಿ,” ಎಂದ. ಬೈದಿದ್ದರೆ ಎಷ್ಟೋ ಮೇಲಿತ್ತು. ನನ್ನ ಬಾಯಿಂದ ಸತ್ಯ ಹೊರಡುವ ಮೊದಲೇ ಬಸ್ಸು ಬಂತು. ಬರಲೆಂದೇ ಕಾಯುತ್ತಿದ್ದೆನೋ ಏನೋ. ಆಮೇಲೆ ಅವನು ಕಾಣಲಿಲ್ಲ.

“ಅಮ್ಮಾ, ನಿಮ್ಮ ಮಗ ಟೀ ತರಾಕೆ ಹೋದ್ರು. ಒಸಿ ಪೆಡಲ್ ತುಳೀತೀರಾ?” ಎಂದು ಮಧುಗಿರಿಯ ಶೆಡ್ಡಿನ ಮೆಕ್ಯಾನಿಕ್ ಕೇಳಿದ. ಮಂಡಿನೋವಿನ ಕಾಲು ಎಳೆದುಕೊಂಡು ವ್ಯಾನ್ ಹತ್ತಿ ಕೂತೆ.

“ತುಳೀರಿ. ಹಿಡ್ಕಳಿ.”

ಹಿಡಿದೆ. ಪೆಡಲ್ ಮೆಲ್ಲಗೆ ಕೆಳಗಿಳಿದು ತಳ ಮುಟ್ಟಿತು. ಅಷ್ಟರಲ್ಲಿ ಮಗ ಬಂದ. “ಅಮ್ಮಾ, ಇಳಿ ಬಾ, ಟೀ ಆರೋಗುತ್ತೆ. ಅಮ್ಮಾ, ನಿನ್ನನ್ನೇ ಕರೀತಿರೋದು.”

“ಆರಲಿ,” ಎಂದೆ.

“ಯಾಕೆ, ಒಂದ್ನಿಮಿಷ ಕಾಲು ಎತ್ತಿದರೆ ಏನಾಗುತ್ತೆ?”

ಪೆಡಲ್ ಇನ್ನಷ್ಟು ಒತ್ತಿ ಹಿಡಿದೆ. ಕೆಳಗಿನಿಂದ ‘ಬುಡಿ’ ಎಂಬ ಮಾತು ಇನ್ನೂ ಬಂದಿರಲಿಲ್ಲ.

“ಒಂದು ಸಲ ಎತ್ತಿದ್ದೆ ಕಣೋ,” ಎಂದೆ. “ಕೂತ್ಕೋ, ಹೇಳ್ತೀನಿ.”