ನಾನು ಯೋಚಿಸದ ನಡೆಗಳು

2004ನೇ ಇಸವಿ. ನಾನಾಗ ಮೂಡಿಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಎಂ.ಎಸ್ಸಿ.ಯಲ್ಲಿ ನನ್ನ ಜೊತೆ ಓದಿದ ಶಮೀಮ್ ಕಳಸದ ತನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅವಳ ಎರಡೂ ಕಿಡ್ನಿ ಕೆಟ್ಟಿದ್ದವು.

ಜಪಾನಿನ ಚದುರಂಗ ಆಡುವ ಕಂಪ್ಯೂಟರ್ ಪ್ರೋಗ್ರಾಂಗಳು ನಮ್ಮಿಬ್ಬರ ಪ್ರಾಜೆಕ್ಟಿನ ವಿಷಯವಾಗಿತ್ತು. ಶೋಗಿ ಎಂಬ ಆ ಆಟದಲ್ಲಿ ಎದುರಾಳಿಯಿಂದ ಹೊಡೆದ ಕಾಯಿ ನಮ್ಮದಾಗುತ್ತದೆ. ಬೇಕಾದಾಗ ಅದನ್ನು ಮತ್ತೆ ಮಣೆಯ ಮೇಲಿಡಬಹುದು. ನಾನು ಇಡುತ್ತಲೇ ಇರಲಿಲ್ಲ. ಇನ್ನೂ ಒಳ್ಳೆಯ ಸಮಯ ಬರಲಿ ಎಂದು ಕಾಯುತ್ತ ಸೋಲುತ್ತಿದ್ದೆ. "ರೇಟ್ ಬರ್ಲಿ ಅಂತ ಮೆಣಸಿನ ಮೂಟೆ ಕಟ್ಟಿಟ್ಟವರ ಹಾಗೆ ಆಡ್ತೀಯಲ್ಲೇ" ಎಂದು ಶಮೀಮ್ ನಗುತ್ತಿದ್ದಳು.

ಫೋನಿನಲ್ಲಿ ಆಡೋಣವೆಂದು ಕೇಳಿದವಳು ಅವಳೇ. ಮನೆಗೆ ಬಂದಿದ್ದ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಕಾಯಿ ಮಾಡಿಕೊಂಡಿದ್ದಳು. ದಿನಾ ಸಂಜೆ ಐದಕ್ಕೆ ಫೋನ್. ಒಂದು ದಿನ ಅವಳ ನಡೆ, ಮರುದಿನ ನನ್ನದು.

ಮಾರ್ಚ್‌ನಲ್ಲಿ ಉತ್ತರಪತ್ರಿಕೆಗಳ ರಾಶಿ ಬಂತು. ಒಂದು ಸಂಜೆ ನಡೆ ಹೊಳೆಯದೆ, ನನ್ನ ಕಂಪ್ಯೂಟರಿನಲ್ಲಿದ್ದ ಪ್ರೋಗ್ರಾಂಗೆ ಆಟವನ್ನು ಕೊಟ್ಟೆ. ನಿಮಿಷದೊಳಗೆ ಉತ್ತರ ಬಂತು. ಅದನ್ನೇ ಓದಿ ಹೇಳಿದೆ. ಒಂದೇ ದಿನಕ್ಕೆ ಎಂದುಕೊಂಡಿದ್ದೆ. ಪತ್ರಿಕೆಗಳು ಮುಗಿದ ಮೇಲೂ ಹಾಗೇ ಮುಂದುವರಿಸಿದೆ. ಮಣೆಯ ಮುಂದೆ ಕೂತರೆ ಅವಳ ಕಾಯಿಲೆಯ ಯೋಚನೆ ಬರುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ಅಷ್ಟು ಸುಲಭದ ದಾರಿ ಸಿಕ್ಕಿತ್ತು.

ಅಂಥ ಪ್ರೋಗ್ರಾಂಗಳು ಆರಂಭದಲ್ಲಿ ತಡವರಿಸುತ್ತವೆ, ಕೊನೆಯಲ್ಲಿ ರಾಜನನ್ನು ಹಿಡಿಯುವಾಗ ಮಾತ್ರ ತಪ್ಪುವುದಿಲ್ಲ ಎಂದು ನಮ್ಮ ಪ್ರಾಜೆಕ್ಟಿನಲ್ಲಿ ನಾವೇ ಬರೆದಿದ್ದೆವು. ಹಾಗೆಯೇ ಆಯಿತು. ಜೂನ್‌ನಲ್ಲಿ ಅದು ನನ್ನ ಕೈಯಲ್ಲಿದ್ದ ಕಾಯಿಗಳನ್ನೆಲ್ಲ ಒಂದೊಂದಾಗಿ ಇಡಿಸಿತು. ನಾನು ನಿಂತು ನೋಡಲೂ ಇಲ್ಲ. ಮಣೆಯ ಮನೆಗಳ ಅಂಕಿಗಳನ್ನು ಓದಿ ಹೇಳುತ್ತ ಹೋದೆ.

ಕೊನೆಯ ನಡೆಯನ್ನು ಶಮೀಮ್ ಇನ್ನೊಮ್ಮೆ ಹೇಳಿಸಿಕೊಂಡಳು.

"ಸೋತೆ ಕಣೇ. ರಾಜನಿಗೆ ಎಲ್ಲೂ ದಾರಿಯಿಲ್ಲ. ಒಂದು ಮಾತು ಕೇಳ್ಲಾ? ನೀನೇ ಆಡಿದ್ದಾ?"

"ಹೌದು" ಅಂದೆ.

"ಎಷ್ಟು ಹೊತ್ತು ಕೂತಿದ್ದೆ ಇದಕ್ಕೆ?"

"ಎರಡು ಗಂಟೆ."

"ಅಂತೂ ಮೂಟೆ ಬಿಚ್ಚಿದೆಯಲ್ಲ ಮಾರಾಯ್ತಿ" ಎಂದು ನಕ್ಕಳು. ನಗು ಕೆಮ್ಮಿನಲ್ಲಿ ನಿಂತುಹೋಯಿತು. "ನಾಡಿದ್ದು ಮಂಗಳೂರಿಗೆ ಕರ್ಕೊಂಡು ಹೋಗ್ತಾರೆ. ಬಂದ ಮೇಲೆ ಇನ್ನೊಂದು ಆಟ ಹಾಕೋಣ. ಬಿಡಲ್ಲ ನಿನ್ನನ್ನ."

ಅವಳು ಮಂಗಳೂರಿನ ಆಸ್ಪತ್ರೆಯಲ್ಲೇ ತೀರಿಕೊಂಡಳು.

ವಾರದ ನಂತರ ಕಳಸಕ್ಕೆ ಹೋದೆ. ಅವಳ ತಾಯಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಿನ್ನ ಫೋನ್ ಬಂದ್ರೆ ಸಾಕಿತ್ತು ಮಗಳೇ ಅವಳಿಗೆ. ಮರುದಿನ ಇಡೀ ಆ ಮಣೆ ಎದುರಿಗೇ. ಊಟಕ್ಕೆ ಕರೆದ್ರೆ, 'ಇರಿ ಉಮ್ಮ, ಇವಳು ಇದನ್ನ ಯಾಕೆ ಇಲ್ಲಿಟ್ಳು ಅಂತ ನೋಡ್ತಾ ಇದ್ದೀನಿ, ಏನೋ ಮನಸ್ಸಲ್ಲಿಟ್ಕೊಂಡೇ ಇಟ್ಟಿದ್ದಾಳೆ' ಅಂತಿದ್ಳು. ನೀನು ಗೆದ್ದಿದ್ದನ್ನ ಆಸ್ಪತ್ರೇಲಿ ನರ್ಸಿಗೂ ಹೇಳಿದ್ಳು."

ನಾನು ಅವರಿಗೂ ನಿಜ ಹೇಳಲಿಲ್ಲ. ಚಹಾ ಕುಡಿದು, ಮೂರು ಗಂಟೆಯ ಬಸ್ಸಿಗೆ ಹೊರಟುಬಂದೆ.

ಆ ಪ್ರೋಗ್ರಾಂ ಹೇಗೆ ಆಡುತ್ತದೆಂದು ಶಮೀಮಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಒಂದು "ಹೌದು" ಅವಳಿಗೆ ಸಾಕಾಯಿತು. ಕ್ಷಮೆ ಕೇಳಲು ಈಗ ಯಾರೂ ಇಲ್ಲ. ತನ್ನ ಕೊನೆಯ ತಿಂಗಳುಗಳಲ್ಲಿ ಅವಳು ದಿನವಿಡೀ ಕೂತು ನನ್ನ ಮನಸ್ಸಿನಲ್ಲಿ ಏನಿದೆಯೆಂದು ಹುಡುಕುತ್ತಿದ್ದಳು. ಆ ನಡೆಗಳಲ್ಲಿ ನಾನು ಎಲ್ಲಿಯೂ ಇರಲಿಲ್ಲ.