ಒಂದು ಉದ್ದ, ಮೂರು ಗಿಡ್ಡ

ಮದುವೆಗೆ ಇನ್ನು ಎಂಟು ದಿನ ಇದೆ ಎನ್ನುವಾಗ ನಮ್ಮ ಮನೆಯ ಕಂಪ್ಯೂಟರ್ ಕೈಕೊಟ್ಟಿತು. ಮದುವೆ ನಮ್ಮತ್ತೆಯ ಅಕ್ಕನ ಮೊಮ್ಮಗಳದು. ಮದುವೆಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದರೆ, ಅದರೊಳಗೆ ಅರವತ್ತೆರಡು ಸೋಬಾನೆ ಪದಗಳಿದ್ದವು.

ನಮ್ಮದು ತ್ಯಾಮಗೊಂಡ್ಲು ಹತ್ತಿರದ ಹಳ್ಳಿ. ನಾನು ಸೋಂಪುರದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸಕ್ಕಿದ್ದೇನೆ. ಕಾರ್ಖಾನೆಯವರು ಹಳೆಯ ಕಂಪ್ಯೂಟರುಗಳನ್ನು ಬದಲಾಯಿಸಿದಾಗ ಒಂದನ್ನು ಮನೆಗೆ ತಂದಿದ್ದೆ. ಮೊದಮೊದಲು ಮಗಳು ಅದರಲ್ಲಿ ಚಿತ್ರ ಬರೆದಳು, ಆಮೇಲೆ ಅವಳಿಗೂ ಬೇಜಾರಾಯಿತು. ಸಂಕ್ರಾಂತಿಯ ಹೊತ್ತಿಗೆ ಅತ್ತೆಯ ಅಕ್ಕ, ನಾನು ದೊಡ್ಡತ್ತೆ ಎಂದು ಕರೆಯುವವರು, ನಮ್ಮಲ್ಲಿಗೆ ಬಂದು ಹದಿನೈದು ದಿನ ಇದ್ದರು. ಅಕ್ಕತಂಗಿಯರಿಬ್ಬರೂ ಅವರೆಕಾಯಿ ಸುಲಿಯುತ್ತಾ, ಶಾಸ್ತ್ರದ ಪದ, ಹಸೆಯ ಪದ, ಬೀಗರನ್ನು ಹಂಗಿಸುವ ಪದ ಎಂದು ಒಂದಾದ ಮೇಲೊಂದು ಹಾಡುತ್ತಿದ್ದರು. ಒಬ್ಬರಿಗೆ ಮರೆತ ಸಾಲು ಇನ್ನೊಬ್ಬರ ಬಾಯಲ್ಲಿರುತ್ತಿತ್ತು. ನಾನು ಪಕ್ಕದಲ್ಲೇ ಕೂತು ಟೈಪ್ ಮಾಡಿಕೊಂಡೆ. ಈಗಿನ ಹುಡುಗಿಯರಿಗೆ ಎರಡು ಸಾಲಿನ ಮೇಲೆ ಬರುವುದಿಲ್ಲ, ಪುಸ್ತಕ ಮಾಡಿ ಕೈಗೆ ಕೊಟ್ಟರೆ ನೋಡಿಕೊಂಡಾದರೂ ಹಾಡಿಯಾರು ಎಂಬುದು ನಮ್ಮ ಯೋಚನೆ.

ಶಿವರಾತ್ರಿ ಕಳೆದ ಮೇಲೆ ದೊಡ್ಡತ್ತೆಗೆ ಪಾರ್ಶ್ವವಾಯು ಹೊಡೆಯಿತು. ನಡೆಯುವಷ್ಟು ಸುಧಾರಿಸಿಕೊಂಡರು, ಆದರೆ ಮಾತು ತೊದಲತೊಡಗಿತು. ಹಾಗಾಗಿ ಅವರ ಪಾಲಿನ ಪದಗಳು ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಅವತ್ತು ನನಗೆ ವಾರದ ರಜೆ. ಕೊನೆಯ ಸಲ ತಿದ್ದಿ, ಮರುದಿನ ಬೆಳಿಗ್ಗೆ ನಮ್ಮ ಮನೆಯವರ ಕೈಲಿ ನೆಲಮಂಗಲದ ಪ್ರೆಸ್ಸಿಗೆ ಕಳಿಸೋಣವೆಂದು ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಒಳಗಿನಿಂದ ಬೀಪ್ ಬೀಪ್ ಎಂಬ ಸದ್ದು ಬೇರೆ. ನನಗೆ ಗೊತ್ತಿದ್ದ ವೈದ್ಯವೆಲ್ಲ ಮಾಡಿದೆ. ಪ್ಲಗ್ ಕಿತ್ತು ಹಾಕಿದೆ, ಮಾನಿಟರಿನ ವೈರು ಬಿಗಿ ಮಾಡಿದೆ, ಐದು ನಿಮಿಷ ಬಿಟ್ಟು ಮತ್ತೆ ಒತ್ತಿದೆ. ಅದೇ ಕಪ್ಪು, ಅದೇ ಸದ್ದು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದರು.

"ಏನವ್ವ ಅದು, ಹಂಗ್ ಕಿರುಚ್ಕೊಳ್ತೈತೆ?"

"ಗೊತ್ತಾಗ್ತಿಲ್ಲ ಅತ್ತೆ. ಪರದೆ ಮೇಲೆ ಏನೂ ಬರ್ತಿಲ್ಲ."

"ಅಕ್ಕನ ಪದ ಒಳಗಡೆ ಅವೆ ತಾನೇ?"

ನಾನು ಮತ್ತೆ ಗುಂಡಿ ಒತ್ತಿದೆ. ಇನ್ನೊಂದು ಕಡೆ ನಕಲು ಮಾಡಿಟ್ಟುಕೊಳ್ಳಬೇಕೆಂದು ಎರಡು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದವಳು ನಾನು.

ನಮ್ಮ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಡಿಪ್ಲೊಮಾ ಓದಿದ ಗೆಳತಿಯೊಬ್ಬಳಿದ್ದಾಳೆ, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳು ಅವತ್ತು ಶಿಫ್ಟಿನಲ್ಲಿದ್ದಳು. ಕೆಲಸದ ವೇಳೆ ಫೋನು ಮುಟ್ಟುವಂತಿಲ್ಲ. ಸಿಗುವುದೇನಿದ್ದರೂ ಹತ್ತು ಗಂಟೆಯ ಟೀ ಬ್ರೇಕು, ಊಟದ ಹೊತ್ತು, ಮತ್ತೆ ಮೂರೂವರೆಯ ಟೀ. ಸರಿಯಾಗಿ ಹತ್ತಕ್ಕೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅಕ್ಕಾ, ಹತ್ತೇ ನಿಮಿಷ ಇರೋದು, ಬೇಗ ಹೇಳಿ. ಎಷ್ಟ್ ಸಲ ಬೀಪ್ ಅನ್ನತ್ತೆ?"

"ಸುಮಾರ್ ಸಲ ಅನ್ನತ್ತೆ ಕಣೇ."

"ಸುಮಾರು ಅಂದ್ರೆ ಆಗಲ್ಲ ಅಕ್ಕಾ. ಉದ್ದ ಎಷ್ಟು, ಗಿಡ್ಡ ಎಷ್ಟು, ಎಣಿಸಿ ಹೇಳಿ. ಏನ್ ಕೆಟ್ಟಿದೆ ಅಂತ ಅದೇ ಹೇಳತ್ತೆ."

ಎಣಿಸಿದೆ. ಒಮ್ಮೆ ನಾಲ್ಕು ಬಂತು, ಇನ್ನೊಮ್ಮೆ ಐದು. ಗಾಬರಿಗೆ ಉದ್ದವೂ ಗಿಡ್ಡವೂ ಒಂದೇ ಥರ ಕೇಳುತ್ತಿತ್ತು. ಬೆನ್ನ ಹಿಂದೆ ನಿಂತಿದ್ದ ಅತ್ತೆ ಬಾಯಿ ಹಾಕಿದರು.

"ಒಂದು ಉದ್ದ, ಮೂರು ಗಿಡ್ಡ. ಆಮೇಲೆ ಒಸಿ ಉಸಿರು ತಗೊಳ್ತೈತೆ. ಮತ್ತೆ ಅದೇ, ಒಂದು ಉದ್ದ, ಮೂರು ಗಿಡ್ಡ."

"ಯಾರಕ್ಕಾ ಅದು?"

"ನಮ್ಮತ್ತೆ."

"ಸಕ್ಕತ್ತಾಗ್ ಹೇಳಿದ್ರು! ಹಂಗಾದ್ರೆ ರ‍್ಯಾಮ್ ಸರಿಯಾಗಿ ಕೂತಿಲ್ಲ, ನೋಡಿ."

ನನಗೆ ಆಶ್ಚರ್ಯವಾಗಬೇಕಿರಲಿಲ್ಲ. ತೋಟದ ಮೋಟರು ನೀರೆತ್ತುತ್ತಿದೆಯೋ ಬರಿ ಗಾಳಿ ಎಳೆಯುತ್ತಿದೆಯೋ ಎಂಬುದನ್ನು ಒಲೆಯ ಮುಂದೆ ಕೂತೇ ಹೇಳುವ ಕಿವಿ ಅವರದು. ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ನಾನು ಕದ್ದು ಸಕ್ಕರೆ ಡಬ್ಬಿ ತೆಗೆದರೆ ಜಗಲಿಯಿಂದಲೇ, "ಮುಚ್ಚಳ ಬಿಗಿಯಾಗಿ ಹಾಕವ್ವ, ಇರುವೆ ಬರ್ತವೆ" ಎನ್ನುತ್ತಿದ್ದರು.

ಗೆಳತಿ ಗಡಿಬಿಡಿಯಲ್ಲಿ ಹೇಳಿಕೊಟ್ಟಳು. ಪ್ಲಗ್ ಪೂರ್ತಿ ಕಿತ್ತುಬಿಡಬೇಕು. ಸಿಪಿಯು ಡಬ್ಬದ ಪಕ್ಕದ ತಗಡು ಬಿಚ್ಚಬೇಕು. ಒಳಗೆ ಅಂಗೈ ಉದ್ದದ ತೆಳ್ಳನೆಯ ಪಟ್ಟಿಯೊಂದು ನೆಟ್ಟಗೆ ನಿಂತಿರುತ್ತದೆ, ಅದೇ ರ‍್ಯಾಮ್. ಎರಡು ತುದಿಯ ಕ್ಲಿಪ್ಪು ಬಿಡಿಸಿ ಅದನ್ನು ತೆಗೆದು, ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಟಕ್ ಎನ್ನುವ ತನಕ ಒತ್ತಿ ಕೂರಿಸಬೇಕು. "ಮುಟ್ಟೋ ಮುಂಚೆ ಡಬ್ಬದ ಕಬ್ಬಿಣ ಒಂದ್ ಸಲ ಮುಟ್ಬಿಡಿ. ಬಾಯಲ್ಲಿ ಊದ್ಬೇಡಿ, ಉಗುಳು ಬೀಳತ್ತೆ" ಎನ್ನುವಷ್ಟರಲ್ಲಿ ಗಂಟೆ ಬಾರಿಸಿತು, ಫೋನು ಕಟ್ಟಾಯಿತು.

ತಗಡು ಬಿಚ್ಚಿದರೆ ಒಳಗೆ ಎರಡು ಬೆರಳು ದಪ್ಪ ದೂಳು. ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಚಿಪ್ಪು ಎರಡು. ಅತ್ತೆ ಬಗ್ಗಿ ನೋಡಿ ಗಲ್ಲಕ್ಕೆ ಕೈ ಹಚ್ಚಿದರು.

"ಆಯುಧಪೂಜೇಲಿ ಇದಕ್ಕೆ ಅಷ್ಟು ಭಕ್ತಿಯಿಂದ ಕೈ ಮುಗಿದಿದ್ನಲ್ಲವ್ವ. ಒಳಗೆ ನೋಡುದ್ರೆ ನಮ್ಮ ಅಟ್ಟದಂಗೇ ಐತೆ!"

ಗೋಡೆಗೆ ಬಣ್ಣ ಹೊಡೆದಾಗ ಉಳಿದಿದ್ದ ಒಣ ಬ್ರಷ್ಷಿನಿಂದ ದೂಳು ತೆಗೆದೆವು. ಮಗಳ ಜಾಮಿಟ್ರಿ ಬಾಕ್ಸಿನಲ್ಲಿ ರಬ್ಬರು ಸಿಕ್ಕಿತು. ಪಟ್ಟಿಯನ್ನು ಉಜ್ಜಿ, ಹತ್ತಿಬಟ್ಟೆಯಲ್ಲಿ ಒರೆಸಿ, ಜಾಗದಲ್ಲಿಟ್ಟು ಒತ್ತಿದೆ.

"ಒಂದೇ ಕಡೆ ಟಕ್ ಅಂತು. ಈ ಕಡೆ ಅನ್ನಲಿಲ್ಲ" ಎಂದರು ಅತ್ತೆ.

ನಿಜ, ಎಡಗಡೆಯ ಕ್ಲಿಪ್ಪು ಅರ್ಧ ಬಾಯಿ ತೆರೆದೇ ಇತ್ತು. ಇನ್ನೊಂದು ಸಲ ಒತ್ತಿದೆ. ಟಕ್.

ಪ್ಲಗ್ ಹಾಕಿ ಗುಂಡಿ ಒತ್ತಿದರೆ, ಒಂದೇ ಒಂದು ಸಣ್ಣ ಬೀಪ್. ಪರದೆ ಬೆಳಗಿತು! ನಾನು ಅತ್ತೆಯ ಭುಜ ಹಿಡಿದು ಕುಣಿಯುವುದೊಂದು ಬಾಕಿ. ಆದರೆ ಆ ಸಂಭ್ರಮ ಅರ್ಧ ನಿಮಿಷವೂ ನಿಲ್ಲಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದು, ಎಫ್ ಒನ್ ಒತ್ತಿ ಎಂದವು. ಒತ್ತಿದೆ. ಇನ್ನೆರಡು ಸಾಲು ಬಂದವು. ಡಿಸ್ಕ್ ಸಿಗುತ್ತಿಲ್ಲ ಎಂಬುದು ಅದರ ಅರ್ಥ. ಡಿಸ್ಕಿನಲ್ಲೇ ಅಲ್ಲವೇ ಹಾಡುಗಳಿರುವುದು! ಇಂಗ್ಲಿಷ್ ಬಾರದ ಅತ್ತೆ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದರು. ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು.

ಮಧ್ಯಾಹ್ನ ತೋಟದಿಂದ ಬಂದ ಮಾವ, ನಡುಮನೆಯಲ್ಲಿ ಹೊಟ್ಟೆ ತೆರೆದು ಮಲಗಿದ್ದ ಡಬ್ಬವನ್ನೂ ಅದರ ಎರಡು ಬದಿಗೆ ಕೂತಿದ್ದ ನಮ್ಮನ್ನೂ ನೋಡಿ, "ಡಾಕ್ಟ್ರೇ, ಊಟ ಐತಾ ಇವತ್ತು?" ಎಂದರು. ಮುದ್ದೆ ಬಡಿಸುತ್ತಿರುವಾಗಲೇ ಗೆಳತಿಯ ಫೋನು ಬಂತು. ಎಲ್ಲ ಹೇಳಿದೆ.

"ತಾರೀಖು ಎಷ್ಟು ತೋರಿಸ್ತಿದೆ ಅಕ್ಕಾ?"

ನೋಡಿದೆ. ನನಗೆ ಇನ್ನೂ ಮದುವೆಯೇ ಆಗಿರದ ಕಾಲದ ತಾರೀಖು.

"ಹಂಗಾದ್ರೆ ಡಿಸ್ಕಿಗೇನೂ ಆಗಿಲ್ಲ, ಹೆದರ್ಬೇಡಿ. ಬೋರ್ಡ್ ಮೇಲಿರೋ ಸೆಲ್ ಸತ್ತೋಗಿದೆ. ಕರೆಂಟ್ ಹೋದ್ರೆ ಅದಕ್ಕೆ ಎಲ್ಲಾ ಮರೆತುಹೋಗತ್ತೆ. ತಾರೀಖೂ ಮರೆಯತ್ತೆ, ಡಿಸ್ಕನ್ನ ಹೆಂಗ್ ನೋಡ್ಬೇಕು ಅನ್ನೋದೂ ಮರೆಯತ್ತೆ."

ಅವಳು ಹೇಳಿದ ಹಾಗೆ ಒಂದೊಂದೇ ಗುಂಡಿ ಒತ್ತಿ, ಒಂದು ಕಡೆ ಒಂದು ಇಂಗ್ಲಿಷ್ ಪದ ಬದಲಾಯಿಸಿದೆ. ಕಂಪ್ಯೂಟರ್ ಮತ್ತೆ ಶುರುವಾಯಿತು. ಈ ಸಲ ಮಗಳು ಬಿಡಿಸಿದ್ದ ನವಿಲು ಪರದೆಯ ತುಂಬ ಮೂಡಿತು. ಸೋಬಾನೆಯ ಫೋಲ್ಡರು ತೆರೆದರೆ ಅರವತ್ತೆರಡೂ ಇದ್ದವು. ಅತ್ತೆ ಪರದೆಗೆ ಬೆರಳು ಹಚ್ಚಿ, "ಅಕ್ಕಂದ್ ಯಾವ್ದು?" ಎಂದರು. ತೋರಿಸಿದೆ. ಅವರ ಕಣ್ಣಲ್ಲಿ ನೀರಾಡಿತು. ಪೆನ್ ಡ್ರೈವ್ ತರಲು ಬೀರುವಿನ ಕಡೆ ಓಡಿದೆ. ಬೀರು ತೆರೆಯುವಷ್ಟರಲ್ಲಿ ತಲೆಯ ಮೇಲಿನ ಫ್ಯಾನು ನಿಧಾನವಾಯಿತು.

ಕರೆಂಟು ಹೋಗಿತ್ತು.

ಬಂದದ್ದು ಎರಡೂವರೆ ದಾಟಿದ ಮೇಲೆ. ಗೆಳತಿ ಹೇಳಿದ್ದಂತೆ ಮತ್ತೆ ಎಲ್ಲ ಮರೆತು ಕೂತಿತ್ತು ಯಂತ್ರ. ಯಾವ ಗುಂಡಿಯಾದ ಮೇಲೆ ಯಾವುದನ್ನು ಒತ್ತಬೇಕೆಂಬುದು ನನಗೂ ಅಷ್ಟೇ ಚೆನ್ನಾಗಿ ಮರೆತಿತ್ತು. ಹೊಸ ಸೆಲ್ ಹಾಕದೆ ಬಗೆಹರಿಯದು. ತ್ಯಾಮಗೊಂಡ್ಲುವಿನ ಮೊಬೈಲ್ ಅಂಗಡಿಗೆ ಫೋನು ಮಾಡಿದರೆ, "ಅದು ಖಾಲಿ ಆಗೈತೆ ಮೇಡಂ, ನೆಲಮಂಗ್ಲದಲ್ಲೇ ಸಿಗೋದು" ಎಂದರು. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಸೆಲ್ಲನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟುಕೊಂಡು ಕೂತೆ. ದುಂಡಗೆ, ಬಿಲ್ಲೆಯ ಹಾಗಿತ್ತು.

ಅತ್ತೆ ಅದನ್ನು ತೆಗೆದುಕೊಂಡು ಹಿಂದೆಮುಂದೆ ತಿರುಗಿಸಿದರು. "ಇದನ್ನ ನಾನು ನೋಡಿದ್ದೀನಿ ಕಣವ್ವ. ನಿಮ್ಮಾವನ ಶುಗರ್ ಮಿಷನ್ನಿಗೆ ಹೋದ್ವರ್ಷ ಇಂಥದ್ದೇ ಹಾಕ್ಸಿದ್ವಲ್ಲ?"

ಬೆರಳಿಗೆ ಸೂಜಿ ಚುಚ್ಚಿ ರಕ್ತದ ಸಕ್ಕರೆ ನೋಡುವ ಆ ಪುಟ್ಟ ಯಂತ್ರವನ್ನು ದೇವರ ಗೂಡಿನ ಪಕ್ಕದಲ್ಲಿಡುತ್ತೇವೆ. ತಂದು ಹಿಂಬದಿಯ ಮುಚ್ಚಳ ತೆಗೆದೆ. ಅದೇ ಬಿಲ್ಲೆ, ಅದೇ ನಂಬರು.

"ಮಾವ, ನಿಮ್ ಶುಗರ್ ಮಿಷನ್ನಿಂದು ಸೆಲ್ ತಗೊಳ್ಳಾ? ನಾಳೆ ಸಂಜೆ ಹೊಸದು ತರುಸ್ತೀನಿ."

ಜಗಲಿಯ ಮೇಲೆ ಅಡ್ಡಾಗಿದ್ದ ಮಾವ ಎದ್ದು ಕೂತರು. ಇಷ್ಟು ಉದಾರವಾದ ಮುಖವನ್ನು ನಾನು ಅವರಲ್ಲಿ ಕಂಡದ್ದು ಅಪರೂಪ. "ತಗೋ ತಾಯಿ, ಅದನ್ ಕೇಳ್ಬೇಕಾ? ಹೊಸದಕ್ಕೇನೂ ಆತುರ ಇಲ್ಲ. ಮದ್ವೆ ಹೋಳಿಗೆ ಊಟ ಎಲ್ಲಾ ಮುಗೀಲಿ, ನಿಧಾನಕ್ಕೆ ತಂದ್ರಾಯ್ತು."

"ನಾಳೇನೇ ತರ್ತಾಳೆ" ಎಂದರು ಅತ್ತೆ ಒಳಗಿನಿಂದ.

ಮೂರೂವರೆಯ ಟೀ ಬ್ರೇಕಿನಲ್ಲಿ ಗೆಳತಿ ಮತ್ತೊಮ್ಮೆ ದಾರಿ ಹೇಳಿದಳು. ಈ ಸಲ ಪ್ರತಿಯೊಂದನ್ನೂ ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಮಾವನ ಸೆಲ್ ಹಾಕಿ, ತಾರೀಖು ತಿದ್ದಿ, ಯಂತ್ರ ಶುರು ಮಾಡಿ, ಬೇರೇನೂ ಮುಟ್ಟದೆ ಮೊದಲು ಪೆನ್ ಡ್ರೈವಿಗೆ ಹಾಡುಗಳನ್ನು ತುಂಬಿಕೊಂಡೆ. ಅಷ್ಟು ಸಾಲದೆಂದು ಗೆಳತಿಗೂ ಕಳಿಸಿದೆ. ಐದು ಗಂಟೆಗೆ ಮತ್ತೆ ಕರೆಂಟು ಹೋಗಿ ಬಂತು. ಉಸಿರು ಹಿಡಿದು ಗುಂಡಿ ಒತ್ತಿದರೆ ನವಿಲು ನೇರವಾಗಿ ಬಂದು ನಿಂತಿತು.

ಪುಸ್ತಕ ಮದುವೆಯ ಹಿಂದಿನ ದಿನ ಪ್ರೆಸ್ಸಿನಿಂದ ಬಂತು. ಅತ್ತೆಯ ಒತ್ತಾಯಕ್ಕೆ ಗೆಳತಿಯೂ ಮದುವೆಗೆ ಬಂದಳು. ಫೋನಿನಲ್ಲಷ್ಟೇ ಪರಿಚಯವಿದ್ದ ಇಬ್ಬರೂ ಮೊದಲ ಸಲ ಮುಖ ನೋಡಿದ್ದು ಅಲ್ಲಿಯೇ. ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದವರಿಗೆಲ್ಲ, "ನಮ್ ಡಾಕ್ಟ್ರಮ್ಮ" ಎಂದು ಪರಿಚಯಿಸಿದರು. ದೊಡ್ಡತ್ತೆ ಮುಂದಿನ ಕುರ್ಚಿಯಲ್ಲಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಕ್ಷರ ಅವರಿಗೆ ಬಾರದು. ಹುಡುಗಿಯರು ಪುಟ ನೋಡಿಕೊಂಡು ಹಾಡುತ್ತಿದ್ದರೆ ಅವರ ತುಟಿ ಜೊತೆಯಲ್ಲೇ ಆಡುತ್ತಿತ್ತು, ಒಂದು ಸಾಲೂ ತಪ್ಪದೆ.

ಹೆಣ್ಣುಗಂಡನ್ನು ಹಸೆಗೆ ಕರೆಯುವ ಪದ ಬಂತು. ಹುಡುಗಿಯರು ದೊಡ್ಡ ದನಿಯಲ್ಲಿ, ಹಸೆಮಣೆಗೆ ಬಾರಮ್ಮ ಎನ್ನುವ ಕಡೆ, "ಹೊಸಮನೆಗೆ ಬಾರಮ್ಮ" ಎಂದು ಹಾಡಿದರು. ಅದು ನನ್ನದೇ ತಪ್ಪು. ಹಾಗೆಂದೇ ಕೇಳಿಸಿಕೊಂಡು ಹಾಗೆಂದೇ ಟೈಪ್ ಮಾಡಿದ್ದೆ. ನನ್ನ ಮುಖ ಕೆಂಪಾಯಿತು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಗಂಡಿನ ತಾಯಿ, ಮನೆ ಕಟ್ಟಿಸುತ್ತಿದ್ದವರು, ಗಾಬರಿಯಿಂದ ಕೈ ಅಲ್ಲಾಡಿಸಿ, "ಅಯ್ಯೋ, ಈಗ್ಲೇ ಕರೀಬೇಡ್ರವ್ವ, ಇನ್ನೂ ತಾರಸಿ ಮೋಲ್ಡೇ ಹಾಕಿಲ್ಲ!" ಎಂದುಬಿಟ್ಟರು.

ಛತ್ರವೆಲ್ಲ ನಕ್ಕಿತು. ಹಸೆಯ ಕಡೆ ಬರುತ್ತಿದ್ದ ಮದುಮಗಳೂ ಬಾಸಿಂಗ ಹಿಡಿದುಕೊಂಡು ನಕ್ಕಳು. ನಾನು ಪೆನ್ನು ತೆಗೆದು ಪುಸ್ತಕದಲ್ಲಿ ತಿದ್ದಲು ಹೋದರೆ ಅತ್ತೆ ಕೈ ಹಿಡಿದರು.

"ಇರ್ಲಿ ಬಿಡವ್ವ. ಈ ಮದ್ವೆಗೆ ಅದೇ ಚೆನ್ನಾಗೈತೆ."