ಅಳು ಬೇಕೇನ್ರಿ?

"ಬಾಯಾರ, ಅಳು ಬೇಕೇನ್ರಿ? ತಾಜಾ ಐತಿ ನೋಡ್ರಿ!"

ನಿಪ್ಪಾಣಿಗೆ ಬಂದ ಹೊಸತು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ನಾನು ಒಳಗೆ ಅಳುತ್ತಲೇ ಕೂತಿದ್ದೆ. ಇದೆಂಥ ಊರಪ್ಪಾ, ಅಳುವನ್ನೂ ಮನೆ ಬಾಗಿಲಿಗೆ ತಂದು ಮಾರುತ್ತಾರಲ್ಲ ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದು ಹೋದೆ. ಬುಟ್ಟಿಯಲ್ಲಿ ನಮ್ಮ ಕೆಸುವಿನ ಸೊಪ್ಪಿತ್ತು. ಮರಾಠಿಯವರು ಅದಕ್ಕೆ ಅಳು ಅನ್ನುತ್ತಾರೆ, ಈ ಗಡಿಯಲ್ಲಿ ಕನ್ನಡದವರೂ ಹಾಗೇ ಅನ್ನುತ್ತಾರೆ.

ಹಾಸನದ ಕಡೆಯಿಂದ ಬಂದು ಬೇಕರಿ ಇಟ್ಟವರು ಈ ಸೀಮೆಯಲ್ಲಿ ಎಷ್ಟು ಜನವೋ. ನನ್ನ ಗಂಡನೂ ಅವರಲ್ಲೊಬ್ಬ. ಬೇಕರಿಯ ಹಿಂದಿನ ಒಂದೇ ಕೋಣೆ ನಮ್ಮ ಮನೆ. ಬ್ರೆಡ್ಡು ಬೇಯಿಸುವ ಭಟ್ಟಿಗೂ ನನ್ನ ಹಾಸಿಗೆಗೂ ನಡುವೆ ಒಂದು ಗೋಡೆ. ಊರಲ್ಲಿ ಸೋನೆ ಮಳೆಗೆ ಕಂಬಳಿ ಹೊದ್ದವಳು ಇಲ್ಲಿ ಮಳೆಗಾಲದಲ್ಲೂ ಬೆವರುತ್ತಿದ್ದೆ. ಕಾಯಿನ್ ಬೂತಿನಿಂದ ಅಮ್ಮನಿಗೆ ಫೋನು ಮಾಡಿದರೆ, ಚೆನ್ನಾಗಿದ್ದೀನಿ ಅನ್ನುವಷ್ಟರಲ್ಲಿ ರೂಪಾಯಿ ಮುಗಿದಿರುತ್ತಿತ್ತು.

ಸಂತೆಗೆ ಹೋಗಿ "ಸೊಪ್ಪು ಇದೆಯಾ?" ಅಂದರೆ ಮಾರುವವನು, "ಎಮ್ಮಿ ಎಷ್ಟ ಕಟ್ಟೀರಿ?" ಎಂದು ಕೇಳಿದ. ಇಲ್ಲಿ ಸೊಪ್ಪಿ ಎಂದರೆ ದನಕ್ಕೆ ಹಾಕುವ ಜೋಳದ ದಂಟು, ಮನುಷ್ಯರು ತಿನ್ನುವುದು ತಪ್ಪಲ. ಸುತ್ತಲಿದ್ದವರೆಲ್ಲ ನಕ್ಕರು. ನಗದೆ ನನ್ನ ಕೈಹಿಡಿದು ಮನೆಗೆ ಕರೆತಂದವಳು ಪಕ್ಕದ ಮನೆಯ ಕಲಾವತಿ. ಅತ್ತಿಗೆಗೆ ಇಲ್ಲಿ ವೈನಿ ಎನ್ನುತ್ತಾರೆ. ಅವತ್ತಿನಿಂದ ಅವಳು ನನಗೆ ಕಲಾವೈನಿಯಾದಳು.

ಮೊದಲ ಮಳೆಗೆ ಅಕ್ಕೋಳದ ಕಡೆಯ ಹೊಲದ ಬದುಗಳಿಗೆ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿ ನಮ್ಮ ಅಣ್ಣೆಸೊಪ್ಪನ್ನು ಕಂಡು ತವರಿನವರೇ ಎದುರಾದಷ್ಟು ಹಿಗ್ಗಿದೆ. ಅದಕ್ಕೆ ಇಲ್ಲಿ ಕುರ್ಡು ಅನ್ನುತ್ತಾರೆ. ಹೂವಿನ ತೆನೆ ಬರುವ ಮುಂಚೆ ಕುಡಿ ಮಾತ್ರ ಚಿವುಟಬೇಕು, ತಗಚೆ ಸೊಪ್ಪನ್ನು ಕುದಿಸಿ ಆ ನೀರು ಚೆಲ್ಲಿ ಹಿಂಡಬೇಕು, ಉಪ್ಪುನೀರಿನಲ್ಲಿ ಎಲೆಯ ಬೆನ್ನನ್ನೂ ತೊಳೆಯಬೇಕು ಎಂದೆಲ್ಲ ಹೇಳಿಕೊಟ್ಟಳು. ತಂಬಾಕಿನ ಹೊಲದ ಹತ್ತಿರ ಹೋದರೆ ಸೆರಗು ಹಿಡಿದು ಎಳೆಯುತ್ತಿದ್ದಳು. "ಹುಳಕ್ಕ ಎಣ್ಣಿ ಹೊಡದಿರ್ತಾರ, ಮುಟ್ಟಬ್ಯಾಡ. ಗುರ್ತ ಇಲ್ಲದ ತಪ್ಪಲ, ಗುರ್ತ ಇಲ್ಲದ ಮಂದಿ, ಎರಡೂ ಮನಿಯೊಳಗ ತರಬಾರದ ನೋಡ ಜಯಾ."

ಆ ಮಾತನ್ನು ಹೇಳಿದವಳೂ ಅವಳೇ. ಈಗ ನೆನೆದರೆ ಮೈ ಉರಿಯುತ್ತದೆ.

ಬೀದಿಯ ಕೊನೆಯಲ್ಲಿ ಗಂಗೂ ಆಯಿಯ ಮನೆಯ ಒಂದು ಭಾಗ ಖಾಲಿ ಬಿತ್ತು. ಇಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಎರಡು ಕೋಣೆ, ಹಿಂದೆ ಹಿತ್ತಲು. ಭಟ್ಟಿಯ ಕಾವು ಬಿಟ್ಟು ಅಲ್ಲಿಗೆ ಹೋದರೆ ನಾಲ್ಕು ಸಸಿ ನೆಟ್ಟುಕೊಂಡು ಬದುಕಬಹುದು ಅಂತ ನನಗೆ ಹಗಲೂ ರಾತ್ರಿ ಅದೇ ಧ್ಯಾನ. ಬಾಡಿಗೆಗೆ ಬರುವವರ ಕೈಯೂಟ ಉಂಡ ಮೇಲೆಯೇ ಬೀಗದ ಕೈ ಕೊಡುವುದು ಆಯಿಯ ಪದ್ಧತಿ. "ಉಣಸೂ ಕೈ ಹೆಂಗೈತಿ ನೋಡಿದ್ರ ಮಂದಿ ಹೆಂಗ ಅದಾರ ಗೊತ್ತಾಕ್ಕೈತಿ" ಅನ್ನುತ್ತಿದ್ದಳು. ಶ್ರಾವಣ ಸೋಮವಾರಕ್ಕೆ ಊಟಕ್ಕೆ ಕರೆದೆ.

"ಆಯಿಗೆ ಅಳು ಅಂದ್ರ ಪ್ರಾಣ" ಎಂದು ವೈನಿಯೇ ಬೆಳಿಗ್ಗೆ ಒಂದು ಹೊರೆ ಎಲೆ ತಂದಿಟ್ಟಳು. ನಾನೇನು ಕೆಸು ಕಾಣದವಳೇ? ಹುಣಸೆಹಣ್ಣು ನೆನೆಹಾಕಲು ಡಬ್ಬಿ ತೆಗೆದೆ. ವೈನಿ ತಡೆದಳು.

"ಹುಣಸಿ ಬ್ಯಾಡ. ಆಯಿಗೆ ಮಣಕಾಲ ಬ್ಯಾನಿ, ಹುಳಿ ನಡೆಂಗಿಲ್ಲ. ಇದು ಹೊಲದ ಜಾತಿ, ಬರೇ ಕುದಿಸಿದ್ರ ಸಾಕು."

"ಅಲ್ಲ ವೈನಿ, ಹುಳಿ ಇಲ್ದಿದ್ರೆ ತುರಿ..."

ಅವಳು ನನ್ನ ಬಾಯಿಗೇ ಕೈ ಅಡ್ಡ ಇಟ್ಟಳು. "ಅಯ್ಯ! ಅದರ ಹೆಸರ ತಗೀಬ್ಯಾಡ. ಕೊಯ್ಯೂ ಮುಂದ ಆ ಮಾತ ಆಡಿದ್ರ ಹಾಂಗ ಆಕ್ಕೈತಿ."

ನಿಮಗೂ ಗೊತ್ತಲ್ಲ, ನಮ್ಮ ಕಡೆಯಲ್ಲೂ ಕೆಸು ಹೆಚ್ಚುವಾಗ ತುರಿಕೆಯ ಮಾತು ಆಡುವುದಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಸೋಮವಾರ ಬೇರೆ, ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಹಾಗೂ ಇರಲಿಲ್ಲ.

ದೇವರಿಗೆ ತೋರಿಸಿ ಮೊದಲು ಆಯಿಗೆ ಬಡಿಸಿದೆ. ಒಂದೆರಡು ತುತ್ತು ನುಂಗಿದ್ದಳೋ ಇಲ್ಲವೋ, ಆಯಿ ಗಂಟಲು ಹಿಡಿದುಕೊಂಡಳು. ಕಣ್ಣಲ್ಲಿ ದಳದಳ ನೀರು. "ಮುಳ್ಳ ಚುಚ್ಚಿದಾಂಗ ಆಗಾಕತ್ತೇತಿ, ನೀರ ಕೊಡ್ರಿ!" ನೀರಿಗೆ ಅದು ಹೋಗುತ್ತದೆಯೇ? ನೆನೆದ ಹುಣಸೆ ಸಿಕ್ಕೀತೇನೋ ಎಂದು ವೈನಿಯ ಅಡುಗೆಮನೆಗೆ ಓಡಿದೆ.

ಅವಳ ಒಲೆಯ ಮೇಲೂ ಅದೇ ಅಳು ಕುದಿಯುತ್ತಿತ್ತು. ಪಕ್ಕದಲ್ಲಿ ಬೋಗುಣಿ ತುಂಬ ಹುಣಸೆಹಣ್ಣಿನ ರಸ. ವೈನಿ ಒಲೆಯ ಮುಂದೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ನಿಮ್ಮನೆ ಸೊಪ್ಪಿಗೆ ಮಾತ್ರ ಹುಳಿ ಬೇಕಾ ವೈನಿ?"

ಅವಳು ಮುಖ ಎತ್ತಲಿಲ್ಲ. "ನನ್ನ ತಮ್ಮ ಅಲಖನೂರಿಂದ ಬರಾಂವ ಅದಾನ. ಅವನ ಮಕ್ಕಳ ಸಾಲಿಗೆ ಇಲ್ಲೇ ಮನಿ ಬೇಕಾಗಿತ್ತ ಜಯಾ" ಅಂದಳು. ಆಮೇಲೆ ಆ ಬೋಗುಣಿಯನ್ನೇ ನನ್ನ ಕೈಗೆ ಕೊಟ್ಟಳು. ಬೇಡ ಎಂದು ನೆಲಕ್ಕೆ ಬಡಿಯುವಷ್ಟು ಸಿಟ್ಟು ಬಂದಿತ್ತು. ಆದರೆ ಅಲ್ಲಿ ಆಯಿ ಒದ್ದಾಡುತ್ತಿದ್ದಳು, ತೆಗೆದುಕೊಂಡು ಬಂದೆ.

ಹುಣಸೆ ರಸಕ್ಕೆ ಬೆಲ್ಲ ಕದಡಿ ಕುಡಿಸಿದ ಮೇಲೆ ಆಯಿಗೆ ಸಮಾಧಾನವಾಯಿತು. "ನಿಮ್ಮ ಕಡೆ ಊಟಕ್ಕ ಕರದ ಪಾವಣ್ಯಾರಿಗೆ ಹಿಂಗ ಉಣಸ್ತಾರೇನವಾ?" ಎಂದು ಕೇಳಿದಳು. ಮನೆಗೆ ಕರೆದ ಅತಿಥಿಯ ಬಾಯಲ್ಲಿ ಅಂಥ ಮಾತು ಬಂದಮೇಲೆ ಇನ್ನೇನು ಉಳಿಯಿತು? ವೈನಿ ಹೇಳಿದ್ದನ್ನೆಲ್ಲ ಹೇಳಿದೆ. "ಮಂದಿ ಮ್ಯಾಲ ಹಾಕಬ್ಯಾಡ. ಮಾಡಿದ ಕೈ ನಿಂದು" ಎಂದು ಎದ್ದು ಹೋದಳು. ದೀಪಾವಳಿಯ ಹೊತ್ತಿಗೆ ಆ ಹಿತ್ತಲಿನಲ್ಲಿ ವೈನಿಯ ತಮ್ಮನ ಮಕ್ಕಳ ಅಂಗಿಗಳು ಒಣಗುತ್ತಿದ್ದವು.

ಮನೆ ಹೋದದ್ದಕ್ಕಿಂತ ನನ್ನ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಈ ಊರಿನ ಒಂದೊಂದು ಎಲೆಯನ್ನೂ ನಾನು ಅವಳ ಬೆರಳು ಹಿಡಿದು ಕಲಿತಿದ್ದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಅವಳು ಆ ನಂಬಿಕೆಯನ್ನೇ ಉಪಯೋಗಿಸಿಕೊಂಡಳು. ಅದನ್ನು ನಾನು ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ.

ಹೋದ ಮಳೆಗಾಲ ತವರಿಗೆ ಹೋಗಿದ್ದೆ. ಕೆಸು ಹೆಚ್ಚುತ್ತ, "ಇದು ತುರಿಸುತ್ತೆ, ಹುಣಸೆ ಜಾಸ್ತಿ ಹಾಕಿ" ಅಂತ ಬಾಯಿಬಿಟ್ಟೇ ಹೇಳಿದೆ. ಅಮ್ಮ ಕೈಯಲ್ಲಿದ್ದ ಚಾಕು ಇಟ್ಟು, "ಎಲ್ಲಿ ಕಲಿತೆ ಇದನ್ನ? ಕೆಸು ಮುಂದೆ ಆ ಮಾತು ಆಡ್ತಾರೇನೇ?" ಎಂದು ಬೈದಳು. ನಾನು ಪಲ್ಯಕ್ಕೆ ಶೇಂಗಾಪುಡಿ ಉದುರಿಸಿದ್ದನ್ನು ನೋಡಿ ತಮ್ಮನ ಹೆಂಡತಿ, ನಿಪ್ಪಾಣಿಯವಳು ಬಂದಳು ಅಂತ ನಕ್ಕಳು. ನಿಪ್ಪಾಣಿಯಲ್ಲಿ ನಾನು ಇವತ್ತಿಗೂ ಹಾಸನದಾಕಿ.

ವಾಪಸು ಬಂದ ದಿನ ಅಂಗಳದ ಗೋಡೆಯಾಚೆಯಿಂದ ವೈನಿ ಇಣುಕಿದಳು. "ಇನ್ನೂ ಸಿಟ್ಟ ಹೋಗಿಲ್ಲೇನ ಜಯಾ?"

"ಹೋಗಿಲ್ರೀ. ಸಾಯೂತನಕಾ ಹೋಗಂಗಿಲ್ಲ!"

ಅವಳು ಕಣ್ಣರಳಿಸಿ ನಕ್ಕಳು. "ಏ, ಮಾತ ನೋಡ ಹೆಂಗ ಬಂತ! ಈಗ ಖರೇ ನಮ್ಮಾಕಿ ಆದಿ."

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೋಡೆಯಾಚೆ ಭಟ್ಟಿ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಕಣ್ಣೊರೆಸಿಕೊಂಡು ತೆಗೆದರೆ, ತಲೆಯ ಮೇಲೆ ಅದೇ ಬುಟ್ಟಿ.

"ಬಾಯಾರ, ಅಳು ಬೇಕೇನ್ರಿ?"

"ಬ್ಯಾಡವ್ವಾ" ಅಂದೆ. "ಮನ್ಯಾಗ ಐತಿ."